ಕೊಳದಂಚಿನಲ್ಲಿ ನಿಂತು ನೋಡುವ ಕೆಲಸ

ಅಮೆರಿಕದ ಈಜು ಸ್ಪರ್ಧೆಗಳ ನಿಯಮಾವಳಿಯಲ್ಲಿ ಒಂದು ಮಾತಿದೆ. ಮೊದಲ ಸಲ ಓದಿದಾಗಿನಿಂದ ಅದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇದೆ. ಈಜಿನ ಶೈಲಿಯಲ್ಲಾಗಲಿ ತಿರುವಿನಲ್ಲಾಗಲಿ ತಪ್ಪು ಕಂಡ ತೀರ್ಪುಗಾರರು ಆ ಕ್ಷಣವೇ ಒಂದು ಕೈಯನ್ನು ತಲೆಯ ಮೇಲಕ್ಕೆ ಎತ್ತಬೇಕು. ಎತ್ತದಿದ್ದರೆ, ರೆಫರಿಯೇ ಖುದ್ದಾಗಿ ಆ ತಪ್ಪನ್ನು ನೋಡಿದ್ದರೆ ಬೇರೆ ಮಾತು, ಇಲ್ಲವಾದರೆ ಅದಕ್ಕೆ ದಂಡನೆಯಿಲ್ಲ. ಅಂದರೆ, ಅರ್ಧ ನಿಮಿಷ ಯೋಚಿಸಿ, ಪಕ್ಕದವರನ್ನು ವಿಚಾರಿಸಿ, ಹೌದೆಂದು ಖಾತ್ರಿ ಮಾಡಿಕೊಂಡು ಆಮೇಲೆ ಎತ್ತುವ ಕೈಗೆ ಬೆಲೆಯಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದಕ್ಷಿಣ ಆಫ್ರಿಕಾದ ಕ್ಯಾಮರನ್ ವ್ಯಾನ್ ಡರ್ ಬರ್ಗ್ ಅವರು 100 ಮೀಟರ್ ಬ್ರೆಸ್ಟ್‌ಸ್ಟ್ರೋಕನ್ನು 58.46 ಸೆಕೆಂಡುಗಳಲ್ಲಿ ಈಜಿ, ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ನಿಯಮ ಒಪ್ಪುವುದು ಒಂದೇ ಒಂದು ಡಾಲ್ಫಿನ್ ಕಿಕ್ಕನ್ನು, ಅಂದರೆ ನೀರಿನಡಿಯಲ್ಲಿ ಎರಡೂ ಕಾಲುಗಳನ್ನು ಒಟ್ಟಿಗೆ ಮೀನಿನ ಬಾಲದಂತೆ ಬೀಸುವುದನ್ನು. ನೀರಿನಡಿಯ ಚಿತ್ರಗಳಲ್ಲಿ ಅದಕ್ಕಿಂತ ಹೆಚ್ಚು ಕಂಡವು, ಅವರೂ ಅದನ್ನು ಆಮೇಲೆ ಸಂದರ್ಶನದಲ್ಲಿ ಒಪ್ಪಿಕೊಂಡರು. ಆದರೂ ಸ್ಪರ್ಧೆಯ ಹೊತ್ತಿನಲ್ಲಿ ಯಾವ ತೀರ್ಪುಗಾರರೂ ತಪ್ಪೆಂದು ಸೂಚಿಸಿರಲಿಲ್ಲವಾದ್ದರಿಂದ ಫಲಿತಾಂಶ ಬದಲಾಗಲಿಲ್ಲ.

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಮಕ್ಕಳ ಈಜು ಸ್ಪರ್ಧೆಗಳಿಗೆ, ಇಲ್ಲಿನವರ ಮಾತಿನಲ್ಲಿ ಹೇಳುವುದಾದರೆ ಮೀಟ್‌ಗಳಿಗೆ, ನಾನು ಹೀಗೆ ಕೈ ಎತ್ತಬೇಕಾದ ಸ್ವಯಂಸೇವಕಿಯಾಗಿ ಹೋಗುತ್ತೇನೆ. ಹುದ್ದೆಯ ಹೆಸರು ಸ್ಟ್ರೋಕ್ ಅಂಡ್ ಟರ್ನ್ ಜಡ್ಜ್. ಸಂಬಳವಿಲ್ಲ. ಶನಿವಾರ ಬೆಳಿಗ್ಗೆ ಇತರರು ಹಾಸಿಗೆ ಬಿಡುವ ಮೊದಲೇ ಸನ್‌ಸ್ಕ್ರೀನ್ ಬಳಿದುಕೊಂಡು, ಬಿಳಿ ಪೋಲೋ ಅಂಗಿ ತೊಟ್ಟು ಕೊಳದ ಅಂಚಿಗೆ ಹೋಗಿ ನಿಲ್ಲುವ ಈ ಕೆಲಸ ನನಗೆ ಯಾಕೆ ಇಷ್ಟು ಮುಖ್ಯವಾಯಿತು ಎಂದು ಮನೆಯವರೂ ಸ್ನೇಹಿತರೂ ಆಗಾಗ ಕೇಳುತ್ತಾರೆ. ಊಟದ ಮೇಜಿನಲ್ಲಿ ಹೇಳಿ ಮುಗಿಸುವ ಉತ್ತರ ನನ್ನಲ್ಲಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಬಿಳಿ ಅಂಗಿ ತೊಡುವ ಮೊದಲು

ನಾನು ಈಜುಗಾರ್ತಿಯಲ್ಲ. ತಿಪಟೂರು ಕಡೆಯ ನಮ್ಮ ಊರಿನಲ್ಲಿ ಅಣ್ಣಂದಿರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಧುಮುಕಿ ಈಜು ಕಲಿತರು. ಹೆಣ್ಣುಮಕ್ಕಳಾದ ನಾವು ಮೆಟ್ಟಿಲ ಮೇಲೆ ಕುಳಿತು ಅವರ ಬಟ್ಟೆ ಕಾಯುತ್ತಿದ್ದೆವು. ಇಲ್ಲಿ ಮಗಳನ್ನು ಕ್ಲಬ್ಬಿಗೆ ಸೇರಿಸಿದಾಗಲೂ ಕೊಳದ ಸುತ್ತ ಬಿಳಿ ಅಂಗಿಯಲ್ಲಿ ನಿಂತವರು ಹಣ ಪಡೆದು ಬರುವ ಹಳೆಯ ಈಜುಗಾರರಿರಬೇಕೆಂದೇ ತಿಳಿದಿದ್ದೆ. ಅವರಲ್ಲಿ ಬಹುಪಾಲು ಜನ ನನ್ನ ಹಾಗೆಯೇ ಮಕ್ಕಳನ್ನು ಕಾರಿನಲ್ಲಿ ಕರೆತಂದ ತಂದೆತಾಯಿಯರು ಎಂದು ಗೊತ್ತಾದದ್ದು ಕ್ಲಬ್ಬಿನಿಂದ ಬಂದ ಒಂದು ಕೋರಿಕೆಯಿಂದ. ಒಂದು ಕ್ಲಬ್ಬು ಸ್ಪರ್ಧೆಗೆ ಇಷ್ಟು ಮಕ್ಕಳನ್ನು ಕಳುಹಿಸಿದರೆ ಇಷ್ಟು ಮಂದಿ ಅಧಿಕಾರಿಗಳನ್ನೂ ಒದಗಿಸಬೇಕು ಎಂಬ ಲೆಕ್ಕ ಇಲ್ಲಿದೆ. ನಮ್ಮ ಕ್ಲಬ್ಬಿನಲ್ಲಿ ಮಕ್ಕಳಿಗೆ ಕೊರತೆಯಿರಲಿಲ್ಲ, ಅಧಿಕಾರಿಗಳಿಗೆ ಇತ್ತು.

ಅರ್ಜಿ ಹಾಕಿದ ಮೇಲೆ ನಡೆಯುವ ಕ್ರಮವನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ: ಯುಎಸ್‌ಎ ಸ್ವಿಮ್ಮಿಂಗ್ ಸಂಸ್ಥೆಯ ಸದಸ್ಯತ್ವ, ಹಿನ್ನೆಲೆ ಪರಿಶೀಲನೆ, ಮಕ್ಕಳ ಸುರಕ್ಷತೆಯ ತರಬೇತಿ, ತಲೆಗೆ ಪೆಟ್ಟಾದ ಮಕ್ಕಳನ್ನು ಗುರುತಿಸುವ ಬಗೆಗಿನ ತರಬೇತಿ, ಒಂದು ತರಗತಿ, ಒಂದು ಪರೀಕ್ಷೆ, ಆಮೇಲೆ ಅನುಭವಿಗಳ ಪಕ್ಕದಲ್ಲಿ ನಿಂತು ಕಲಿಯುವ ಕೆಲವು ಸೆಷನ್‌ಗಳು. ಇದರಲ್ಲಿ ಒಂದು ಸಂಗತಿಯನ್ನು ಮಾತ್ರ ಎತ್ತಿ ಹೇಳಬೇಕೆನಿಸುತ್ತದೆ. ಬಟರ್‌ಫ್ಲೈ ಎಂದರೇನು, ಬ್ಯಾಕ್‌ಸ್ಟ್ರೋಕಿನ ತಿರುವು ಹೇಗಿರಬೇಕು ಎಂದು ಕಲಿಸುವ ಮೊದಲು, ಪರರ ಮಕ್ಕಳ ನಡುವೆ ದೊಡ್ಡವರು ಹೇಗೆ ನಡೆದುಕೊಳ್ಳಬೇಕೆಂದು ನಮಗೆ ಕಲಿಸಲಾಯಿತು. ಮಗುವಿನೊಂದಿಗೆ ಒಬ್ಬರೇ ಇರಬಾರದು, ಮಾತಾಡುವುದಿದ್ದರೆ ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಮಾತಾಡಬೇಕು, ಸ್ಪರ್ಧೆ ಆರಂಭವಾಗುವ ಕಟ್ಟೆಗಳ ಹಿಂದೆ ನಿಂತು ಯಾರೂ ಫೋಟೋ ತೆಗೆಯುವಂತಿಲ್ಲ. ಈ ಅನುಕ್ರಮ ಸರಿಯಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಕಡೆಯ ಶಾಲೆಗಳಲ್ಲಿ, ಆಟದ ಮೈದಾನಗಳಲ್ಲಿ ಇದೇ ಅನುಕ್ರಮ ಬಂದರೆ ಎಷ್ಟೋ ಮಕ್ಕಳು ಆಟವನ್ನು ನಡುವೆಯೇ ಬಿಡುವ ಪ್ರಸಂಗ ಬರಲಾರದು.

ಏನು ಕಂಡಿರಿ?

ನನಗೆ ಕಲಿಸಿದವರು ನಿವೃತ್ತರಾದ ಒಬ್ಬ ಹಿರಿಯರು. ಅವರ ಮಕ್ಕಳು ಈಜು ಬಿಟ್ಟು, ಓದು ಮುಗಿಸಿ, ತಾವೂ ಮಕ್ಕಳೊಂದಿಗರಾಗಿ ಬಹಳ ಕಾಲವಾಗಿದೆ. ಫೆಬ್ರುವರಿಯ ಒಂದು ಬೆಳಿಗ್ಗೆ ನಾವಿಬ್ಬರೂ ತಿರುವಿನ ತುದಿಯಲ್ಲಿ ನಿಂತಿದ್ದೆವು. ಇಲ್ಲಿನ ಕೊಳಗಳಲ್ಲಿ ಹೆಚ್ಚಿನವು ಬಯಲಿನಲ್ಲಿರುತ್ತವೆ, ನೀರನ್ನು ಮಾತ್ರ ಬೆಚ್ಚಗಿಟ್ಟಿರುತ್ತಾರೆ. ಹಾಗಾಗಿ ಚಳಿಗಾಲದ ಮುಂಜಾವಿನಲ್ಲಿ ನೀರಿನಿಂದ ಹಬೆ ಎದ್ದು ನಾಲ್ಕನೆಯ ಲೇನಿನಾಚೆಗೆ ಮಕ್ಕಳ ತಲೆಗಳು ಮಬ್ಬಾಗಿ ತೋರುತ್ತಿದ್ದವು. ನಮ್ಮ ಪಾಲಿಗೆ ಬಂದ ಲೇನೊಂದರಲ್ಲಿ ಹನ್ನೊಂದು ಹನ್ನೆರಡು ವರ್ಷದ ಹುಡುಗನೊಬ್ಬ, ಎರಡೂ ತೋಳುಗಳನ್ನು ಒಟ್ಟಿಗೆ ನೀರಿನ ಮೇಲಿಂದ ಮುಂದಕ್ಕೆ ಬೀಸಬೇಕಾದ ಬಟರ್‌ಫ್ಲೈ ಈಜುತ್ತ ಕೊನೆಗೆ ತೀರ ದಣಿದಿದ್ದ. ಅಭ್ಯಾಸಿಗಳು ಕೈ ಎತ್ತುವಂತಿಲ್ಲ, ಪಕ್ಕದವರಿಗೆ ಹೇಳಬೇಕಷ್ಟೆ. ಅವನ ತೋಳುಗಳು ನೀರಿನಿಂದ ಮೇಲೆ ಬರುತ್ತಿಲ್ಲ ಎಂದು ನಾನು ಹೇಳಿದೆ. ಅವರು ನೀರಿನಿಂದ ಕಣ್ಣು ಕೀಳದೆಯೇ ಪ್ರಶ್ನೆಗಳನ್ನು ಕೇಳತೊಡಗಿದರು. ಯಾವ ತೋಳು? ಎರಡೂ ಒಳಗಿದ್ದವೇ, ಒಂದೇ? ಭುಜದಿಂದ ಮಣಿಕಟ್ಟಿನವರೆಗೆ ಎಲ್ಲವೂ ನೀರಿನಲ್ಲಿತ್ತೇ, ಮೊಣಕೈ ಮೇಲಿತ್ತೇ? ನೀರಿನಡಿಯಲ್ಲೇ ಮುಂದಕ್ಕೆ ಸಾಗಿದ್ದನ್ನು ನೀವು ಕಂಡಿರಾ, ಅಥವಾ ಅವನು ದಣಿದಿದ್ದಾನೆ, ಆದ್ದರಿಂದ ಹಾಗಾಗಿರಬೇಕು ಎಂದುಕೊಂಡಿರಾ?

ಆ ಕೊನೆಯ ಪ್ರಶ್ನೆಯ ಬಳಿ ನಾನು ಬಹಳ ಹೊತ್ತು ನಿಂತುಬಿಟ್ಟೆ. ದಿನನಿತ್ಯದ ಬದುಕಿನಲ್ಲಿ ನಾವು ಕಂಡದ್ದಕ್ಕೂ ಊಹಿಸಿದ್ದಕ್ಕೂ ನಡುವೆ ಗೆರೆ ಎಳೆಯುವುದೇ ಇಲ್ಲ. ಎದುರಿಗಿರುವವರ ಮುಖ ನೋಡಿ ಅವರ ಮನಸ್ಸು ಓದಿದೆವೆನ್ನುತ್ತೇವೆ, ಮಗಳ ಕೋಣೆಯ ಬಾಗಿಲು ಮುಚ್ಚಿದ್ದರೆ ಅವಳು ಓದುತ್ತಿಲ್ಲ ಎನ್ನುತ್ತೇವೆ. ಕೊಳದಂಚಿನಲ್ಲಿ ಮಾತ್ರ ಇದಕ್ಕೆ ಅವಕಾಶವಿಲ್ಲ. ಕೈ ಎತ್ತಿದವರ ಬಳಿಗೆ ಚೀಫ್ ಜಡ್ಜ್ ಬಂದು ನೀವು ಎಲ್ಲಿ ನಿಂತಿದ್ದಿರಿ, ಏನು ಕಂಡಿರಿ, ಅದು ಯಾವ ನಿಯಮಕ್ಕೆ ವಿರುದ್ಧ ಎಂದು ಕೇಳುತ್ತಾರೆ. ಈ ಉತ್ತರಗಳಲ್ಲಿ ಒಂದು ತಡವರಿಸಿದರೂ ರೆಫರಿ ಆ ತಪ್ಪನ್ನು ಬರೆದ ಚೀಟಿಯನ್ನು ಒಪ್ಪುವುದಿಲ್ಲ, ಒಪ್ಪಲೂ ಬಾರದು. ಸಂದೇಹವೇನಿದ್ದರೂ ಅದರ ಲಾಭ ಈಜುವ ಮಗುವಿಗೆ.

ಇದಕ್ಕಿಂತಲೂ ಕಠಿಣವಾದದ್ದು ಎಲ್ಲ ಲೇನುಗಳನ್ನೂ ಒಂದೇ ಸಮನಾಗಿ ನೋಡುವುದು. ಬ್ರೆಸ್ಟ್‌ಸ್ಟ್ರೋಕಿನ ಒಂದು ತಿರುವಿನಲ್ಲಿಯೇ ನೋಡಬೇಕಾದದ್ದು ಹಲವು: ಎರಡು ಕೈಗಳೂ ಒಟ್ಟಿಗೆ, ಒಂದರ ಮೇಲೊಂದು ಬೀಳದೆ, ಗೋಡೆ ಮುಟ್ಟಿದವೇ, ಗೋಡೆಯಿಂದ ಕಾಲು ಬಿಟ್ಟಾಗ ದೇಹ ಎದೆಯ ಕಡೆಗೆ ತಿರುಗಿತ್ತೇ, ನೀರಿನಡಿಯಲ್ಲಿ ಡಾಲ್ಫಿನ್ ಕಿಕ್ ಒಂದೇ ಇತ್ತೇ, ಎರಡನೆಯ ಸಲ ಕೈ ಅಗಲಿಸಿ ಎಳೆಯುವಷ್ಟರಲ್ಲಿ ತಲೆ ನೀರಿನಿಂದ ಮೇಲೆ ಬಂತೇ. ನಮ್ಮ ಪಾಲಿನ ಲೇನುಗಳ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಕ್ಷಣಕ್ಕೆ ಗೋಡೆಗೆ ಬಂದರೆ ಎಲ್ಲವನ್ನೂ ನೋಡುವುದು ಸಾಧ್ಯವೇ ಇಲ್ಲ. ಆಗ ತಪ್ಪು ಮಾಡುವಂತೆ ಕಾಣುವ ಮಗುವಿನ ಮೇಲೆಯೇ ಕಣ್ಣು ನೆಡುವ ಆಸೆ ಸಹಜ. ಅದು ಅನ್ಯಾಯ. ಒಬ್ಬರನ್ನು ದಿಟ್ಟಿಸುತ್ತಿರುವಷ್ಟು ಹೊತ್ತು ಉಳಿದವರು ಪರೀಕ್ಷೆಯಿಲ್ಲದೆ ಈಜುತ್ತಿರುತ್ತಾರೆ. ನೋಟವನ್ನು ಸಮವಾಗಿ ಹಂಚಬೇಕು, ಆ ಹಂಚಿಕೆಯೊಳಗೆ ತಾನಾಗಿ ಕಣ್ಣಿಗೆ ಬಿದ್ದ ತಪ್ಪನ್ನಷ್ಟೇ ಎಣಿಕೆಗೆ ತೆಗೆದುಕೊಳ್ಳಬೇಕು, ತಪ್ಪನ್ನು ಹುಡುಕಿಕೊಂಡು ಹೋಗಬಾರದು. ನನ್ನ ಹಿರಿಯರು ಇದನ್ನು ರಸಂಗೆ ಉಪ್ಪು ಹಾಕುವಷ್ಟು ಸಹಜವಾಗಿ ಮಾಡುತ್ತಿದ್ದರು. ನನಗೆ ಇಂದಿಗೂ ಅದು ಸೆಷನ್ ಮುಗಿಯುವ ಹೊತ್ತಿಗೆ ತಲೆ ಭಾರವಾಗಿಸುವ ಕೆಲಸ.

ಯಂತ್ರ ವಹಿಸಿಕೊಂಡದ್ದು, ಮನುಷ್ಯರಿಗೆ ಉಳಿದದ್ದು

ಎಲ್ಲವನ್ನೂ ಕ್ಯಾಮೆರಾ ನೋಡಿಕೊಳ್ಳಬಾರದೇ ಎಂದು ಎಂಜಿನಿಯರುಗಳೇ ತುಂಬಿರುವ ನಮ್ಮ ಬಳಗದಲ್ಲಿ ಕೇಳದವರಿಲ್ಲ. ಈಜಿನ ಇತಿಹಾಸದಲ್ಲಿ ಯಂತ್ರ ಕಾಲಿಟ್ಟದ್ದಕ್ಕೆ ಒಳ್ಳೆಯ ಕಾರಣವೇ ಇದೆ. 1960ರ ರೋಮ್ ಒಲಿಂಪಿಕ್ಸ್‌ನ 100 ಮೀಟರ್ ಫ್ರೀಸ್ಟೈಲ್ ಫೈನಲ್‌ನಲ್ಲಿ ಆಸ್ಟ್ರೇಲಿಯದ ಜಾನ್ ಡೆವಿಟ್ ಮತ್ತು ಅಮೆರಿಕದ ಲ್ಯಾನ್ಸ್ ಲಾರ್ಸನ್ ಬಹುತೇಕ ಒಟ್ಟಿಗೆ ಗೋಡೆ ಮುಟ್ಟಿದರು. ಮೊದಲ ಸ್ಥಾನವನ್ನು ನೋಡಬೇಕಿದ್ದ ಮೂವರಲ್ಲಿ ಇಬ್ಬರು ಡೆವಿಟ್ ಗೆದ್ದರೆಂದರು. ಎರಡನೆಯ ಸ್ಥಾನವನ್ನು ನೋಡಬೇಕಿದ್ದ ಮೂವರಲ್ಲಿ ಇಬ್ಬರು ಡೆವಿಟ್ ಎರಡನೆಯವರೆಂದರು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚ್‌ಗಳು ಡೆವಿಟ್‌ಗೆ 55.2 ಸೆಕೆಂಡು ತೋರಿಸಿದರೆ, ಲಾರ್ಸನ್‌ರ ಲೇನಿನ ಮೂರು ಗಡಿಯಾರಗಳಲ್ಲಿ 55.0, 55.1, 55.1 ಇದ್ದವು. ಮುಖ್ಯ ತೀರ್ಪುಗಾರರು ಚಿನ್ನವನ್ನು ಡೆವಿಟ್‌ಗೆ ಕೊಟ್ಟರು. ಆ ವಿವಾದವೇ ಇಂದು ಲೇನಿನ ತುದಿಯಲ್ಲಿ ನಾವು ಕಾಣುವ, ಕೈ ಮುಟ್ಟಿದೊಡನೆ ಸಮಯ ದಾಖಲಿಸುವ ಟಚ್‌ಪ್ಯಾಡ್‌ಗಳತ್ತ ಕ್ರೀಡೆಯನ್ನು ತಳ್ಳಿತು. ಯಾರು ಮೊದಲು ಮುಟ್ಟಿದರು, ಎಷ್ಟು ಹೊತ್ತಿನಲ್ಲಿ ಮುಟ್ಟಿದರು ಎಂಬ ಎರಡು ಪ್ರಶ್ನೆಗಳನ್ನು ಮನುಷ್ಯರ ಕಣ್ಣಿನಿಂದ ಯಂತ್ರಕ್ಕೆ ವರ್ಗಾಯಿಸಿದ್ದು ನ್ಯಾಯವೇ ಆಯಿತು.

ಆದರೆ ಯಂತ್ರ ಹೇಳುವ ಅಂಕೆಯೂ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಅದೇ ರೋಮ್ ನಗರದಲ್ಲಿ 2021ರ ಜೂನ್ ತಿಂಗಳಲ್ಲಿ ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅವರು ಸೆಟ್ಟೆ ಕೊಲ್ಲಿ ಕೂಟದ ಟೈಮ್ ಟ್ರಯಲ್‌ನಲ್ಲಿ, ಅಂದರೆ ಪದಕಕ್ಕಲ್ಲದೆ ಸಮಯಕ್ಕಾಗಿಯೇ ಈಜುವ ಸುತ್ತಿನಲ್ಲಿ, 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡುಗಳಲ್ಲಿ ಈಜಿದರು. ಟೋಕಿಯೊ ಒಲಿಂಪಿಕ್ಸ್‌ನ ‘ಎ’ ಅರ್ಹತಾ ಮಟ್ಟ 53.85. ಗಡಿಯಾರ ತೋರಿಸಿದ ಮಾತ್ರಕ್ಕೆ ಅವರ ಸ್ಥಾನ ಭದ್ರವಾಗಲಿಲ್ಲ. ಟೈಮ್ ಟ್ರಯಲ್‌ನ ಆ ಸಮಯವನ್ನು ಅಂತರರಾಷ್ಟ್ರೀಯ ಸಂಸ್ಥೆ ಮಾನ್ಯ ಮಾಡುವ ತನಕ ಕಾಯಬೇಕಾಯಿತು. ಆ ಸುದ್ದಿಯನ್ನು ಓದುವಾಗ ನನ್ನ ಮನಸ್ಸು ಹೋದದ್ದು ಕೊಳದಂಚಿನಲ್ಲಿ ನಿಂತಿದ್ದವರ ಕಡೆಗೆ. ಆರಂಭ ಸರಿಯಾಗಿತ್ತು, ತಿರುವು ಸರಿಯಾಗಿತ್ತು, ಮುಕ್ತಾಯ ಬೆನ್ನ ಮೇಲೆಯೇ ಆಯಿತು ಎಂದು ಯಾರೋ ನೋಡಿರಬೇಕು. ಅವರು ನೋಡಿರದಿದ್ದರೆ 53.77 ಎಂಬುದು ಪರದೆಯ ಮೇಲಿನ ಬೆಳಕಿನ ಗೀಟುಗಳಷ್ಟೇ.

ಇಂದು ಒಲಿಂಪಿಕ್ಸ್‌ನಂಥ ಕೂಟಗಳಲ್ಲಿ ನೀರಿನಡಿಯ ಕ್ಯಾಮೆರಾಗಳೂ ಇವೆ. ಊರೂರಿನ ಮಕ್ಕಳ ಮೀಟ್‌ಗಳಲ್ಲಿ ಇರುವುದು ಕಣ್ಣು ಮತ್ತು ಪೆನ್ಸಿಲ್ ಮಾತ್ರ. ಪೆನ್ಸಿಲ್ಲಿನ ಮಹತ್ವವೇನೆಂದು ತರಗತಿಗಳಲ್ಲಿ ಹೊಸಬರಿಗೆ ಹೇಳುವಾಗ ನಾನು 2004ರ ಅಥೆನ್ಸ್ ಒಲಿಂಪಿಕ್ಸ್‌ನ ಉದಾಹರಣೆ ಕೊಡುತ್ತೇನೆ. 200 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್‌ನಲ್ಲಿ ಅಮೆರಿಕದ ಆರನ್ ಪಿಯರ್ಸಾಲ್ ಎರಡು ಸೆಕೆಂಡಿಗೂ ಹೆಚ್ಚಿನ ಅಂತರದಿಂದ ಮೊದಲಿಗರಾದರು, ಒಡನೆಯೇ ತಿರುವಿನ ತಪ್ಪಿಗಾಗಿ ಅನರ್ಹರೆಂದು ಪ್ರಕಟವಾಯಿತು, ಸ್ವಲ್ಪ ಹೊತ್ತಿನಲ್ಲಿ ಆ ಅನರ್ಹತೆಯೇ ರದ್ದಾಗಿ ಚಿನ್ನ ಅವರಿಗೆ ಮರಳಿತು. ತೀರ್ಪುಗಾರರ ಬರಹದಲ್ಲಿ ವಿವರಣೆ ಸಾಲದಾಗಿತ್ತು, ಅದು ಸಂಸ್ಥೆಯ ಅಧಿಕೃತ ವ್ಯವಹಾರದ ಭಾಷೆಯಲ್ಲಿಯೂ ಇರಲಿಲ್ಲ ಎಂಬುದು ಕೊಟ್ಟ ಕಾರಣ. ಒಲಿಂಪಿಕ್ ಪದಕವೊಂದು ಒಂದು ಸಣ್ಣ ಚೀಟಿಯ ಎರಡು ಸಾಲಿನ ಮೇಲೆ ನಿಂತಿತ್ತು. ಬರೆಯಲಾಗದ್ದನ್ನು ಕಂಡೆನೆನ್ನುವ ಹಕ್ಕು ನಮಗಿಲ್ಲ.

ಯಾವ ಕೈ?

ಚೀಟಿ ಬರೆದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಅನರ್ಹತೆಯ ಕಾರಣವನ್ನು ಈಜಿದವರಿಗೋ ಅವರ ಕೋಚ್‌ಗೋ ತಿಳಿಸಲು ಸಾಧ್ಯವಿದ್ದ ಪ್ರಯತ್ನವನ್ನೆಲ್ಲ ಮಾಡಬೇಕೆಂದು ನಿಯಮವೇ ಹೇಳುತ್ತದೆ. ಒಂದು ಮೀಟ್‌ನಲ್ಲಿ ಎಂಟು ವರ್ಷದೊಳಗಿನವರ 50 ಯಾರ್ಡ್ ಬ್ರೆಸ್ಟ್‌ಸ್ಟ್ರೋಕಿನ ತಿರುವಿನಲ್ಲಿ ಒಬ್ಬ ಹುಡುಗಿಯ ಬಲಗೈ ಗೋಡೆಯ ಮೇಲಿದ್ದಾಗ ಎಡಗೈ ಇನ್ನೂ ನೀರಿನಲ್ಲಿತ್ತು. ಅವಳು ಬಲಗೈಯನ್ನು ತೆಗೆದ ಮೇಲೆಯೂ ಎಡಗೈ ಗೋಡೆಗೆ ತಾಗಲೇ ಇಲ್ಲ. ನಾನು ಕೈ ಎತ್ತಿದೆ. ರೆಫರಿ ಚೀಟಿಯನ್ನು ಒಪ್ಪಿ, ಮಗುವಿಗೆ ತಿಳಿಸುವ ಕೆಲಸವನ್ನೂ ನನಗೇ ವಹಿಸಿದರು. ಟೈಮರ್‌ಗಳು ಕುಳಿತ ಕುರ್ಚಿಗಳ ಹಿಂದೆ, ಎಲ್ಲರಿಗೂ ಕಾಣುವಂತೆ, ಅವಳೆದುರು ಮಂಡಿಯೂರಿ ಕುಳಿತೆ. ಟವೆಲ್ ಹೊದ್ದು ನಡುಗುತ್ತಿದ್ದಳು, ಕನ್ನಡಕದ ಗುರುತು ಕಣ್ಣಿನ ಸುತ್ತ ಕೆಂಪಗೆ ಮೂಡಿತ್ತು. ತುಂಬ ಚೆನ್ನಾಗಿ ಈಜಿದೆ, ಆದರೆ ತಿರುವಿನಲ್ಲಿ ಎರಡೂ ಕೈ ಒಟ್ಟಿಗೆ ಮುಟ್ಟಲಿಲ್ಲವಾದ್ದರಿಂದ ಈ ಸಲದ ಸಮಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, ‘ಯಾವ ಕೈ?’ ಎಂದು ಕೇಳಿದಳು. ಎಡಗೈ ಎಂದೆ. ಟವೆಲ್ಲಿನಿಂದ ಎರಡು ಕೈಗಳನ್ನೂ ಹೊರತೆಗೆದು ಗಾಳಿಯಲ್ಲಿ ಇಲ್ಲದ ಗೋಡೆಯನ್ನು ಒಮ್ಮೆ ಮುಟ್ಟಿ ನೋಡಿದಳು, ಎಡಗೈ ಮತ್ತೆ ಕೂದಲೆಳೆಯಷ್ಟು ಹಿಂದೆ ಬಿತ್ತು, ಇನ್ನೊಮ್ಮೆ ಮುಟ್ಟಿದಳು, ಈ ಸಲ ಎರಡೂ ಸರಿಯಾಗಿ ಹೋದವು. ಆಮೇಲೆ ಕೋಚ್ ಇದ್ದ ಕಡೆಗೆ ನಡೆದಳು.

ಇದನ್ನೇ ಯುಗಾದಿ ಕಾರ್ಯಕ್ರಮವೊಂದರಲ್ಲಿ ಊಟಕ್ಕೆ ಕುಳಿತಾಗ ಪಕ್ಕದಲ್ಲಿದ್ದ ಗೆಳತಿಗೆ ಹೇಳುತ್ತಿದ್ದೆ. ಆಕೆಯ ಮಗನೂ ಈಜುತ್ತಾನೆ. ಕೇಳಿ ಆಕೆಗೆ ಸಂಕಟವಾಯಿತು. ‘ಅಕ್ಕಾ, ಅಷ್ಟು ಪುಟ್ಟ ಮಗು. ನೋಡಿಯೂ ನೋಡದ ಹಾಗೆ ಇದ್ದುಬಿಡಬಹುದಿತ್ತಲ್ವಾ?’ ಎಂದಳು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಏಕೆಂದರೆ ಅದರಲ್ಲಿರುವುದು ನಿಜವಾದ ಕರುಣೆ. ಆದರೆ ಆ ಹೀಟ್‌ನಲ್ಲಿ, ಅಂದರೆ ಒಟ್ಟಿಗೆ ಈಜುವ ಗುಂಪಿನಲ್ಲಿ, ಇನ್ನೂ ಏಳು ಪುಟ್ಟ ಮಕ್ಕಳಿದ್ದರು. ಅವರಲ್ಲಿ ಯಾರೋ ಒಬ್ಬಳು ಎರಡೂ ಕೈಗಳನ್ನು ಒಟ್ಟಿಗೆ ತರಲೆಂದೇ ಗೋಡೆಯ ಬಳಿ ಕ್ಷಣಕಾಲ ನಿಧಾನಿಸಿ, ಅದರಿಂದಾಗಿ ಹಿಂದೆ ಬಿದ್ದಿರಬಹುದು. ನನ್ನ ಕರುಣೆಯ ವೆಚ್ಚವನ್ನು ಆ ಮಗು ಭರಿಸಬೇಕೇ? ಇನ್ನೊಂದು ಸಂಗತಿಯೂ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 200 ಮೀಟರ್ ವೈಯಕ್ತಿಕ ಮೆಡ್ಲೆ (ನಾಲ್ಕು ಶೈಲಿಗಳನ್ನೂ ಒಬ್ಬರೇ ಒಂದಾದ ಮೇಲೊಂದು ಈಜುವ ಸ್ಪರ್ಧೆ) ಫೈನಲ್‌ನಲ್ಲಿ ಅಮೆರಿಕದ ಅಲೆಕ್ಸ್ ವಾಲ್ಷ್ ಮೂರನೆಯವರಾಗಿ ಗೋಡೆ ಮುಟ್ಟಿದ ಮೇಲೆ, ಬ್ಯಾಕ್‌ಸ್ಟ್ರೋಕಿನ ಭಾಗವನ್ನು ಬೆನ್ನ ಮೇಲೆ ಮುಗಿಸಲಿಲ್ಲವೆಂದು ಅನರ್ಹರಾದರು. ಕಂಚು ಆಸ್ಟ್ರೇಲಿಯದ ಕೇಲಿ ಮೆಕ್‌ಯೋನ್‌ಗೆ ಹೋಯಿತು. ಇಂಥ ಮಾತನ್ನು ಮೊದಲ ಸಲ ಕೇಳಲು ಒಲಿಂಪಿಕ್ ಫೈನಲ್‌ಗಿಂತ ಮನೆಯ ಹತ್ತಿರದ ಕೊಳವೇ ಒಳ್ಳೆಯ ಜಾಗ. ಇಲ್ಲಿ ಕಳೆದುಕೊಳ್ಳುವುದು ಒಂದು ರಿಬ್ಬನ್, ಪಡೆದುಕೊಳ್ಳುವುದು ತನ್ನ ಯಾವ ಕೈ ಹಿಂದುಳಿಯುತ್ತದೆ ಎಂಬ ಖಚಿತವಾದ ತಿಳಿವು. ಅದನ್ನು ಹೇಳದೆ ಬಿಟ್ಟಿದ್ದರೆ ಆ ಹುಡುಗಿ ಅದೇ ಎಡಗೈಯೊಂದಿಗೆ ಇನ್ನೂ ಒಂದು ವರ್ಷ ಈಜುತ್ತಿದ್ದಳೇನೋ.

ಗೆಳತಿ ಪೂರ್ತಿ ಒಪ್ಪಲಿಲ್ಲ. ‘ಸರಿ ಅಕ್ಕಾ, ಆದ್ರೂ ನನ್ನ ಕೈಲಿ ಆಗಲ್ಲ’ ಎಂದಳು. ಹಾಗೆನ್ನುವವರಿಗೆ ಸ್ಟಾಪ್‌ವಾಚ್ ಹಿಡಿಯುವ ಟೈಮರ್ ಕೆಲಸವಿದೆ, ಅದಕ್ಕೂ ಜನ ಸಾಲುವುದಿಲ್ಲ. ಈಗ ಆಕೆ ಅದನ್ನು ಬಹಳ ಶ್ರದ್ಧೆಯಿಂದ ಮಾಡುತ್ತಾಳೆ.

ಉಳಿಯುವವರು

ಈ ಕೆಲಸಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಬಿಳಿ ಅಂಗಿ ತೊಟ್ಟಿರುವಷ್ಟು ಹೊತ್ತು ಚಪ್ಪಾಳೆ ತಟ್ಟುವಂತಿಲ್ಲ, ಯಾರ ಹೆಸರನ್ನೂ ಕೂಗುವಂತಿಲ್ಲ. ಮಗಳ ಹೀಟ್ ಬರುವಾಗ ರೆಫರಿಗೆ ಮೊದಲೇ ತಿಳಿಸಿ ಅವಳ ಲೇನ್ ನನ್ನ ಪಾಲಿಗೆ ಬಾರದಂತೆ ನೋಡಿಕೊಳ್ಳುತ್ತೇನೆ. ಹಾಗಾಗಿ ಅವಳು 100 ಬ್ಯಾಕ್‌ಸ್ಟ್ರೋಕಿನಲ್ಲಿ ತನ್ನ ಅತ್ಯುತ್ತಮ ಸಮಯವನ್ನು ಈಜಿದ ದಿನ, ನಾನು ಅದೇ ಕೊಳದ ಅಂಚಿನಲ್ಲಿ ನಿಂತು ಬೇರೆ ಮಕ್ಕಳ ಕಾಲ್ಬೆರಳುಗಳನ್ನು ನೋಡುತ್ತಿದ್ದೆ. ಅವಳ ಸಮಯವೆಷ್ಟೆಂದು ಸೆಷನ್ ಮುಗಿದ ಮೇಲೆ ಅವಳಿಂದಲೇ ತಿಳಿದೆ. ಅದು ನೋವೇ. ಆದರೆ ಅವಳ ಲೇನನ್ನು ಅದೇ ಹೊತ್ತಿನಲ್ಲಿ ಇನ್ಯಾರೋ ತಾಯಿ, ತನ್ನ ಮಗುವನ್ನು ನೋಡುವುದನ್ನು ಬಿಟ್ಟು, ನಿಷ್ಪಕ್ಷಪಾತವಾಗಿ ನೋಡುತ್ತಿದ್ದರು.

ನಮ್ಮವರು ಗ್ಯಾಲರಿಯಲ್ಲಿ ಹೀಟ್ ಶೀಟ್ ಹಿಡಿದು, ಮಕ್ಕಳ ಸಮಯಗಳನ್ನು ಸ್ಪ್ರೆಡ್‌ಶೀಟಿನಲ್ಲಿ ತುಂಬುತ್ತ ಗಂಟೆಗಟ್ಟಲೆ ಕುಳಿತಿರುತ್ತಾರೆ, ಕೊಳದಂಚಿಗೆ ಮಾತ್ರ ಬರುವುದು ಕಡಿಮೆ. ನಮಗೆ ಈಜು ಗೊತ್ತಿಲ್ಲ ಎನ್ನುತ್ತಾರೆ, ನಮ್ಮ ಉಚ್ಚಾರಣೆ ಇಲ್ಲಿನವರಿಗೆ ತಿಳಿಯುವುದಿಲ್ಲ ಎನ್ನುತ್ತಾರೆ, ಪರರ ಮಕ್ಕಳಿಗೆ ತೀರ್ಪು ಕೊಡಲು ನಾವ್ಯಾರು ಎನ್ನುತ್ತಾರೆ. ಮೊದಲನೆಯದಕ್ಕೆ ನಾನೇ ಸಾಕ್ಷಿ. ಎರಡನೆಯದು ಎಂದೂ ತೊಡಕಾಗಿಲ್ಲ; ಚೀಟಿಯಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು. ಮೂರನೆಯ ಅಳುಕು ಇರುವವರೇ ಈ ಕೆಲಸಕ್ಕೆ ತಕ್ಕವರು ಎಂದು ನಾನು ನಂಬಿದ್ದೇನೆ. ಕೈ ಎತ್ತಲು ಹಾತೊರೆಯುವವರನ್ನು ಕಂಡರೆ ರೆಫರಿಗಳೂ ಎಚ್ಚರವಾಗುತ್ತಾರೆ.

ಮಕ್ಕಳು ಈಜು ಬಿಟ್ಟೊಡನೆ ತಂದೆತಾಯಿಯರೂ ಬಿಡುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ನಾಲ್ಕೈದು ವರ್ಷ ಕಲಿತು ಕಣ್ಣು ಪಳಗುವ ಹೊತ್ತಿಗೆ ಮಗು ಕಾಲೇಜಿಗೆ ಹೊರಡುತ್ತದೆ, ಬಿಳಿ ಅಂಗಿ ಕಪಾಟು ಸೇರುತ್ತದೆ. ನನಗೆ ಕಲಿಸಿದ ಹಿರಿಯರಂಥವರು ಬೆರಳೆಣಿಕೆಯಷ್ಟು ಮಂದಿ ಉಳಿಯುವುದರಿಂದಲೇ ಹೊಸಬರಿಗೆ ಕಲಿಸುವವರು ಸಿಗುತ್ತಾರೆ. ನನ್ನ ಮಗಳು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಳೆ. ಮುಂದಿನ ವರ್ಷ ಅವಳು ಊರಿನಲ್ಲಿರುವುದಿಲ್ಲ. ನಾನು ಸದಸ್ಯತ್ವವನ್ನು ನವೀಕರಿಸುವುದೆಂದು ತೀರ್ಮಾನಿಸಿ, ಸ್ಟಾರ್ಟರ್ ಆಗುವ ತರಬೇತಿಗೂ ಹೆಸರು ಕೊಟ್ಟಿದ್ದೇನೆ. ರೆಫರಿಯ ಉದ್ದನೆಯ ಸೀಟಿಗೆ ಮಕ್ಕಳು ಕಟ್ಟೆ ಹತ್ತಿದ ಮೇಲೆ, ಎಲ್ಲರೂ ಅಲುಗದೆ ನಿಲ್ಲುವ ತನಕ ಕಾದು, ಆಮೇಲೆ ಗುಂಡಿ ಒತ್ತುವ ಕೆಲಸ ಅದು. ಆ ಕಾಯುವಿಕೆಯನ್ನು ಅವಸರಿಸದೆ, ಎಳೆಯದೆ ಮಾಡುವುದು ಹೇಗೆಂದು ಈ ಬೇಸಿಗೆಯಲ್ಲಿ ಕಲಿಯಬೇಕಾಗಿದೆ.